ತೊಟ್ಟಿಲ ಬುಡದ ಗರಿ

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಯುನೊಕಾಮಿ ಊರಿನ ಅಂಚೆಯವನಿಗೆ ಮೀನು ಹಿಡಿಯುವ ಹುಚ್ಚು, ಕಿನುಯೊ ಅಜ್ಜಿಗೆ ಉಪ್ಪಿನಕಾಯಿ ಹಾಕುವ ಹುಚ್ಚು, ಚಿಗುಸಾಳಿಗೆ ಹಿಮದಲ್ಲಿ ಗುಂಡಿ ತೋಡುವ ಹುಚ್ಚು. ನಲವತ್ತನಾಲ್ಕು ವರ್ಷದ ಹೆಂಗಸು, ಹತ್ತು ಕೋಣೆಯ ಬಿಸಿನೀರಿನ ಬುಗ್ಗೆಮನೆ ನಡೆಸುವವಳು, ಬೆಳಗಾಗೆದ್ದು ಅತಿಥಿಗಳಿಗೆ ಮೊಟ್ಟೆ ಬೇಯಿಸುವುದು ಬಿಟ್ಟು ಸಲಿಕೆ ಹಿಡಿದು ಹೊರಟರೆ ಊರು ಸುಮ್ಮನಿರುತ್ತದೆಯೇ? ಸುಮ್ಮನಿರಲಿಲ್ಲ. ಅವಳ ಸ್ವಂತ ಅಣ್ಣ ಇವಾವೊನೇ ಶುರು ಹಚ್ಚಿಕೊಳ್ಳುತ್ತಿದ್ದ.

"ಯಾರನ್ನ ಹೂಳೋಕೆ ಕಣೆ ಇಷ್ಟು ಆಳ?"

"ನಿನ್ನನ್ನೇ. ಅಳತೆ ತಗೊಂಡಾಗಿದೆ. ಹೊಟ್ಟೆ ಹತ್ರ ಇನ್ನೊಂಚೂರು ಅಗಲ ಮಾಡ್ಬೇಕು ಅಷ್ಟೆ."

ಆದರೆ ಅವಳದು ಬರೀ ಗುಂಡಿಯಲ್ಲ. ಎದೆಯೆತ್ತರ ತೋಡಿ, ಒಂದು ಗೋಡೆಯನ್ನು ಸಲಿಕೆಯ ಅಂಚಿನಿಂದ ಕೆರೆದು ನಯ ಮಾಡಿ, ಮೇಲಿನಿಂದ ಕೆಳಗೆ ಬೆರಳಾಡಿಸಿಕೊಂಡು ಬರುತ್ತಿದ್ದಳು. ಇದು ಮೊನ್ನೆಯ ಹಿಮ, ಮೆತ್ತಗೆ. ಇದು ಹೊಸವರ್ಷದ ದಿನ ಮಳೆ ಬಿದ್ದು ಗಾಜಾದ ಪದರ. ಇದರ ಕೆಳಗೆ ಸಕ್ಕರೆಯ ಹಾಗೆ ಉದುರುವುದು ಯಾಕಿದೆ, ಹೋದ ವಾರ ಇರಲಿಲ್ಲವಲ್ಲ? ಆಮೇಲೆ ಗೋಡೆಯಲ್ಲಿ ಒಂದು ಮೊಳ ಚೌಕದ ಕಂಬವನ್ನು ಗರಗಸದಿಂದ ಬಿಡಿಸಿ, ಅದರ ತಲೆ ಮೇಲೆ ಸಲಿಕೆ ಇಟ್ಟು ತಟ್ಟುವುದು. ಮೊದಲ ಹತ್ತು ಏಟು ಮಣಿಕಟ್ಟಿನಿಂದ, ಮತ್ತೆ ಹತ್ತು ಮೊಳಕೈಯಿಂದ, ಕೊನೆಯ ಹತ್ತು ಭುಜದಿಂದ. ಎಷ್ಟನೇ ಏಟಿಗೆ ಕಂಬ ಯಾವ ಪದರದಲ್ಲಿ ಜಾರುತ್ತದೋ ಅದನ್ನು ಬರೆದಿಡುವುದು. ಮೂವತ್ತಕ್ಕೂ ಜಾರದಿದ್ದರೆ ಬೆಟ್ಟಕ್ಕೆ ಒಂದು ನಮಸ್ಕಾರ. ಬೇಗ ಜಾರಿದರೆ ಆ ಕಡೆ ತಲೆ ಹಾಕುವುದು ಬೇಡ, ಯಾಕೆಂದರೆ ಸಣ್ಣ ಕಂಬ ಮಾಡಿದ್ದನ್ನೇ ಇಡೀ ಇಳಿಜಾರು ಮಾಡುತ್ತದೆ.

ಇವಾವೊಗೂ ಈ ವಿದ್ಯೆ ಗೊತ್ತು. ಗೊತ್ತಿರದೆ ಏನು, ಅವನ ಅನ್ನವೇ ಅದು. ಚಳಿಗಾಲವಿಡೀ ಊರೂರಿನಿಂದ ಬರುವ ಜನರನ್ನು ಸ್ಕೀ ಹಾಕಿಸಿಕೊಂಡು ಕುರೊಮೋರಿ ಬೆಟ್ಟಕ್ಕೆ ಹತ್ತಿಸಿ, ಯಾರೂ ತುಳಿಯದ ಹಿಮದಲ್ಲಿ ಇಳಿಸಿಕೊಂಡು ಬರುವವನು. ಮೂವತ್ತು ವರ್ಷದಲ್ಲಿ ಒಬ್ಬರ ಉಗುರಿಗೂ ಪೆಟ್ಟಾಗಿಲ್ಲ. ಕೆಲಸದ ದಿನ ಮೇಲೆ ಹೋಗಿ ಎರಡು ಗುಂಡಿ ತೋಡುತ್ತಾನೆ, ತಟ್ಟುತ್ತಾನೆ, ಇಳಿಯುತ್ತಾನೆ. ಇವಳ ಹಾಗೆ ಕೆಲಸವಿಲ್ಲದ ದಿನ, ಕಾರಣವಿಲ್ಲದ ಕಡೆ, ಒಳಗೇನಿದೆ ಎಂದು ನೋಡುವುದಕ್ಕೇ ತೋಡುವ ಚಟ ಅವನಿಗಿರಲಿಲ್ಲ.

ಬುಗ್ಗೆಮನೆಯ ಹಿಂದೆ ತೊರೆ, ತೊರೆಯಾಚೆ ತೊಟ್ಟಿಲು. ಬೆಟ್ಟದಿಂದ ಬೆನ್ನಿನಂತೆ ಚಾಚಿದ ಎರಡು ಏಣುಗಳ ನಡುವೆ ಬಟ್ಟಲಿನಂತೆ ಬಾಗಿದ ಇಳಿಜಾರು ಅದು, ನೂರೈವತ್ತು ಮೀಟರು ಎತ್ತರ. ಇಷ್ಟು ಕಡಿದಾಗಿದ್ದೂ ಯಾವತ್ತೂ ಹಿಮ ಕುಸಿದಿಲ್ಲ ಎಂದೇ ಅದಕ್ಕೆ ಆ ಹೆಸರು ಬಿದ್ದದ್ದು. ಅಣ್ಣ ತಂಗಿ ಇಬ್ಬರೂ ನಡೆಯುವುದು ಕಲಿತದ್ದು ಮನೆ ಜಗಲಿಯಲ್ಲಿ, ಸ್ಕೀ ಕಲಿತದ್ದು ಅಲ್ಲಿ. ಇಡೀ ದಿನ ಬೆಟ್ಟದಲ್ಲಿ ಜೀವ ಕೈಯಲ್ಲಿ ಹಿಡಿದು ತಿರುಗಿದ ಜನ ಕೊನೆಗೆ ತೊಟ್ಟಿಲ ಅಂಚಿಗೆ ಬಂದು ನಿಂತರೆ ಕೆಳಗೆ ಬುಗ್ಗೆಮನೆಯ ಮಾಡು ಕಾಣುತ್ತದೆ, ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ಇನ್ನೇನು, ಮನೆಗೆ ಬಂದ ಹಾಗೇ. ಒಬ್ಬರ ಹಿಂದೊಬ್ಬರು ಹಾಡಿಕೊಂಡು ಇಳಿದುಬಿಡುವುದು.

ಹೋದ ಚಳಿಗಾಲದಲ್ಲಿ ಒಂದು ಅನಾಹುತ ಆಗಿತ್ತು. ಬುಗ್ಗೆಮನೆಯ ತೊಟ್ಟಿಗಳಿಂದ ಉಕ್ಕಿ ಹೋಗುವ ನೀರು ಮುಂಬಾಗಿಲ ಪಕ್ಕದ ಚರಂಡಿಯಲ್ಲಿ ಹರಿದು, ತುಂಬಿ ಚೆಲ್ಲಿದ್ದು ಮೆಟ್ಟಿಲ ಮೇಲೆ ಹೆಪ್ಪುಗಟ್ಟಿ, ಪಕ್ಕದ ಮನೆಯ ಕಿನುಯೊ ಅಜ್ಜಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಎಂಬತ್ತೊಂದರ ಮುದುಕಿ, ಆರು ವಾರ ಎಡಗೈಯಲ್ಲಿ ಉಂಡಳು. ಚಿಗುಸಾಳಿಗೆ ಅದು ಮನಸ್ಸಿನಲ್ಲೇ ಕೊರೆಯುತ್ತಿತ್ತು. ಅಕ್ಟೋಬರ್‌ನಲ್ಲಿ ಕೆಲಸದವರನ್ನು ಕರೆಸಿ, ಉಕ್ಕುವ ನೀರಿನ ಪೈಪನ್ನೇ ಹಿತ್ತಲ ಕಡೆ ತಿರುಗಿಸಿ ತೊರೆಗೆ ಬಿಡಿಸಿದಳು. ಪೈಪಿನ ಬಾಯಲ್ಲಿ ಒಂದು ಚಪ್ಪಡಿ ಹಾಕಿಸಿ, ಸುತ್ತ ಮರದ ಬೇಲಿ ಕಟ್ಟಿಸಿದಳು. ಈ ಚಳಿಗಾಲ ಕೊರೆಯುವ ಚಳಿಯಲ್ಲೂ ಬಿಸಿನೀರಲ್ಲಿ ಮೂಲಂಗಿ, ಈರುಳ್ಳಿ ಗಿಡ ತೊಳೆಯಲು ನಾಲ್ಕು ಮನೆಯ ಹೆಂಗಸರು ಅಲ್ಲಿಗೇ ಬರುತ್ತಿದ್ದರು. ಬಂದವರೆಲ್ಲ ಚಿಗುಸಾಳ ತಲೆಯನ್ನು ಹೊಗಳಿದ್ದೇ ಹೊಗಳಿದ್ದು. ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು, ಸುಳ್ಳು ಯಾಕೆ ಹೇಳಬೇಕು.

ಫೆಬ್ರವರಿ ಮೊದಲಲ್ಲಿ ಆರು ರಾತ್ರಿ ಆಕಾಶ ತೊಳೆದಿಟ್ಟ ಹಾಗಿತ್ತು. ಗಾಳಿ ಇಲ್ಲ, ಮೋಡ ಇಲ್ಲ, ಬರೀ ಚಳಿ. ದಿನಾ ಸಂಜೆ ತೊರೆಯಿಂದ ಎದ್ದ ಹಬೆ ಬಿಳಿ ಹೊದಿಕೆಯ ಹಾಗೆ ತೊಟ್ಟಿಲ ಬುಡದಲ್ಲಿ ಹರಡಿಕೊಳ್ಳುತ್ತಿತ್ತು. ಎಷ್ಟು ಚೆಂದ ಎಂದರೆ ಚಿಗುಸಾ ಫೋಟೋ ತೆಗೆದು ಬುಗ್ಗೆಮನೆಯ ಜಾಹೀರಾತಿಗೆ ಹಾಕಿದಳು. ಬೆಳಿಗ್ಗೆ ನೋಡಿದರೆ ಬೇಲಿಯ ಮರದ ಮೇಲೆಲ್ಲ ಹೆಪ್ಪುಗಟ್ಟಿದ ಹಬೆಯ ಗರಿಗಳು, ಒಂದೊಂದೂ ಕೋಳಿಮರಿಯ ರೆಕ್ಕೆಯಷ್ಟು. "ನಿನ್ನ ಬೇಲಿಗೆ ತುಪ್ಪಳ ಬಂದಿದೆ ಕಣೆ, ಕತ್ತರಿಸಿ ಉಣ್ಣೆ ನೂತ್ಕೊ," ಎಂದು ಕಿನುಯೊ ಅಜ್ಜಿ ನಕ್ಕಿದ್ದಳು. ಆಮೇಲೆ ಮೋಡ ಬಂತು. ಎರಡು ದಿನ ಎರಡು ರಾತ್ರಿ ಸದ್ದಿಲ್ಲದೆ, ಒಂದು ಎಳೆ ಗಾಳಿಯೂ ಇಲ್ಲದೆ, ಮೊಣಕಾಲು ಮುಳುಗುವಷ್ಟು ಹಿಮ ಬಿತ್ತು. ಮೂರನೆಯ ದಿನ ಬೆಳಿಗ್ಗೆ ಬಿಸಿಲು.

ಸ್ಕೀ ಜನರಿಗೆ ಇದಕ್ಕಿಂತ ಹಬ್ಬ ಉಂಟೇ. ಇವಾವೊ ಆರು ಜನ ಅತಿಥಿಗಳನ್ನು ಕರೆದುಕೊಂಡು ಏಳಕ್ಕೇ ಹೊರಟ. ಹೋಗುವಾಗ ಅಡುಗೆಮನೆಗೆ ತಲೆ ಹಾಕಿ, "ತೊಟ್ಟಿಲ ಬುಡ ದಾಟ್ಕೊಂಡು ಹಿಂದಿನ ಕಣಿವೇಲಿ ಹತ್ತುತೀವಿ. ಮೂರಕ್ಕೆಲ್ಲ ತೊಟ್ಟಿಲಲ್ಲಿ ಇಳಿದು ಬಂದ್ಬಿಡ್ತೀವಿ. ಸೂಪು ಬಿಸಿ ಇರ್ಲಿ. ನೆಜು ಡಾಕ್ಟ್ರಿಗೆ ಎರಡು ಬಟ್ಟಲು, ಅವರ ಪ್ರಶ್ನೆಗೆಲ್ಲ ಉತ್ತರ ಹೇಳಿ ಹೇಳಿ ನನಗೆ ಮೂರು," ಅಂದ. ನೆಜು ಡಾಕ್ಟ್ರು ಎಂದರೆ ಸೆಂದಾಯಿಯಿಂದ ಬಂದಿದ್ದ ಹಲ್ಲಿನ ವೈದ್ಯರು. ಹಲ್ಲು ಕೀಳುವಾಗ ಯಾರೂ ಮಾತಾಡುವುದಿಲ್ಲವಲ್ಲ, ಅದನ್ನೆಲ್ಲ ಕೂಡಿಟ್ಟುಕೊಂಡು ರಜೆಯಲ್ಲಿ ಖರ್ಚು ಮಾಡುವವರ ಹಾಗೆ ಕೇಳಿದ್ದೇ ಕೇಳಿದ್ದು.

ಹನ್ನೊಂದರ ಹೊತ್ತಿಗೆ ಚಿಗುಸಾ ಸೂಪಿಗೆಂದು ಈರುಳ್ಳಿ ಗಿಡದ ಕಟ್ಟು ಹಿಡಿದು ಹಿತ್ತಲಿಗೆ ಬಂದಳು. ಕಿನುಯೊ ಅಜ್ಜಿ ಆಗಲೇ ಚಪ್ಪಡಿಯ ಮೇಲೆ ಕೂತು ಮೂಲಂಗಿ ಉಜ್ಜುತ್ತಿದ್ದಳು. ಬೇಲಿಯ ಮೇಲೆ ಹಿಮ ದಿಂಬಿನಂತೆ ಕೂತಿತ್ತು. ಜಾಗ ಮಾಡಿಕೊಳ್ಳಲು ಚಿಗುಸಾ ಈರುಳ್ಳಿ ಗಿಡದ ತುದಿಯಿಂದ ಅದನ್ನು ಹೀಗೆ ಮುಟ್ಟಿದಳಷ್ಟೆ. ಇಡೀ ದಿಂಬು, ಎರಡು ಮಾರು ಉದ್ದದ್ದು, ಒಂದೇ ಸಲಕ್ಕೆ ಸರ್ರನೆ ಜಾರಿ ಅಜ್ಜಿಯ ಬುಟ್ಟಿಗೆ ಬಿತ್ತು.

"ಏನೇ ಇದು, ಮೂಲಂಗಿಗೆ ಹಿಮದ ಪಲ್ಯ ಮಾಡ್ಲಾ ನಾನು?"

"ತಡೀರಿ ಅಜ್ಜಿ."

ಚಿಗುಸಾ ಬಗ್ಗಿ ಬೇಲಿಯ ಮರ ನೋಡಿದಳು. ಗರಿಗಳು ಅಲ್ಲೇ ಇದ್ದವು. ಮೊಣಕಾಲೆತ್ತರದ ಹಿಮ ಮೇಲೆ ಕೂತಿದ್ದರೂ ಮುರಿದಿರಲಿಲ್ಲ, ಕರಗಿರಲಿಲ್ಲ. ಈವರೆಗೆ ನೆಟ್ಟಗೆ ನಿಂತು ಅಷ್ಟೂ ಹಿಮವನ್ನು ತಲೆ ಮೇಲೆ ಹೊತ್ತುಕೊಂಡಿದ್ದವು. ಒಂದು ಮುಟ್ಟಿದ್ದಕ್ಕೆ ಸಾಲಾಗಿ ಮಲಗಿಬಿಟ್ಟಿದ್ದವು.

ಬೇಲಿಗೆ ಬಂದದ್ದು ನೆಲಕ್ಕೂ ಬಂದಿರಬೇಕಲ್ಲ? ಅವಳು ತೊರೆದಂಡೆಯ ಹಿಮದೊಳಗೆ ಮೊಳಕೈವರೆಗೆ ಕೈ ತೂರಿಸಿದಳು. ಆ ಆಳದಲ್ಲಿ ಬೆರಳಿಗೆ ಏನೋ ಟೊಳ್ಳು ಸಿಕ್ಕಿತು. ಹೊರಗೆ ತೆಗೆದ ಕೈಗವಸಿನ ಮೇಲೆ ಕಿರುಬೆರಳುದ್ದದ ಗರಿ. ಚಿಗುಸಾಳ ಹುಚ್ಚು ಕೆರಳಿತು. ಹಾಗಾದರೆ ಇದು ಎಲ್ಲಿಯ ತನಕ ಹೋಗಿದೆ?

"ಅಜ್ಜಿ, ನಿಮ್ಮ ಕಿಟಕಿಯಿಂದ ತೊಟ್ಟಿಲು ಪೂರ್ತಿ ಕಾಣತ್ತಲ್ವಾ? ಹೋದ ವಾರ ಸಂಜೆ ಹಬೆ ಎಲ್ಲಿ ತನಕ ಹೋಗ್ತಿತ್ತು?"

"ಅರ್ಧ ತೊಟ್ಟಿಲು ಕಾಣ್ತಿರ್ಲಿಲ್ಲ ನನಗೆ. ಹಾಲು ತುಂಬಿದ ಹಾಗೆ. ಬೆಳಿಗ್ಗೆ ಎದ್ದು ನೋಡಿದ್ರೆ ಒಂದು ಚೂರೂ ಇಲ್ಲ. ಎಲ್ಲಿಗೆ ಹೋಯ್ತಪ್ಪ ಅಷ್ಟೊಂದು ಹಬೆ ಅಂತ ನಾನೂ ಯೋಚ್ನೆ ಮಾಡ್ದೆ."

"ಹೋದ ವರ್ಷ ಹೀಗಿತ್ತಾ?"

"ಹೋದ ವರ್ಷ ಎಲ್ಲಿಂದ ಬರ್ಬೇಕು? ತೊರೆ ತಣ್ಣಗಿತ್ತು. ನೀನು ಬಿಸಿನೀರು ಬಿಟ್ಟಿದ್ದು ಈ ವರ್ಷ ತಾನೆ?"

ಅಜ್ಜಿ ಮೂಲಂಗಿಯ ಬಾಲ ಮುರಿದು ತೊರೆಗೆ ಎಸೆದಳು. ಹಬೆ ಎಲ್ಲಿಗೂ ಹೋಗಿರಲಿಲ್ಲ. ಆರು ರಾತ್ರಿ ತೊಟ್ಟಿಲ ಮೈಮೇಲೆ ಗರಿಗರಿಯಾಗಿ ಕೂತಿತ್ತು, ಅದರ ಮೇಲೆ ಮೊಣಕಾಲೆತ್ತರ ಹಿಮ ಕೂತಿತ್ತು, ಆ ಹಿಮದ ಮೇಲೆ ಮೂರು ಗಂಟೆಗೆ ಅವಳ ಅಣ್ಣ ಆರು ಜನರನ್ನು ಕರೆದುಕೊಂಡು ಹಾಡುತ್ತಾ ಇಳಿಯುವವನಿದ್ದ.

"ಅಜ್ಜಿ, ಬುಟ್ಟಿ ತಗೊಂಡು ಒಳಗೆ ನಡೀರಿ. ಇವತ್ತು ಇಲ್ಲಿಗೆ ಯಾರೂ ಬರೋದು ಬೇಡ."

"ಇನ್ನೂ ಆರು ಮೂಲಂಗಿ ಇದೆ."

"ನಾನು ತೊಳೆದುಕೊಡ್ತೀನಿ. ನಡೀರಿ ನೀವು."

ವಾಕಿಟಾಕಿಯಲ್ಲಿ ಕೂಗಿದಳು. ಬರೀ ಗರಗರ. ಬೆಟ್ಟದ ಆಚೆ ಬದಿಗೆ ಹೋದವರಿಗೆ ಈಚೆಯ ಮಾತು ಕೇಳಿಸುವುದಿಲ್ಲ, ಅವರು ತೊಟ್ಟಿಲ ಅಂಚಿಗೆ ಬಂದ ಮೇಲೇ ಕೇಳಿಸಬೇಕು. ಅಂಚಿಗೆ ಬಂದ ಮೇಲೆ ಇವಾವೊ ಎಷ್ಟು ಹೊತ್ತು ನಿಲ್ಲುತ್ತಾನೆ? ಕನ್ನಡಕ ಒರೆಸಿಕೊಳ್ಳುವಷ್ಟು ಹೊತ್ತು. ಅದಲ್ಲದೆ ಕೇಳಿಸಿದರೂ ಕೇಳುವವನೇ ಅವನು? ಹಿತ್ತಲ ಗಿಡ ಮದ್ದಲ್ಲ. ಬೇರೆ ಊರಿನ ಗೈಡು ಯಾರಾದರೂ ಹೇಳಿದರೆ ನಿಂತಾನು, ತಂಗಿ ಹೇಳಿದರೆ ನಗುತ್ತಾನೆ. ಕೈಯಲ್ಲಿ ಪುರಾವೆ ಬೇಕು.

ಸಲಿಕೆ, ಗರಗಸ, ಹರಳು ನೋಡುವ ಕಪ್ಪು ತಗಡು, ಭೂತಗನ್ನಡಿ ಚೀಲಕ್ಕೆ ತುಂಬಿಕೊಂಡು, ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಅಗಲದ ಬುಟ್ಟಿಮೆಟ್ಟು ಕಟ್ಟಿಕೊಂಡು ಚಿಗುಸಾ ಎಡಗಡೆಯ ಏಣು ಹತ್ತತೊಡಗಿದಳು. ಅಲ್ಲಿ ದಪ್ಪ ದಪ್ಪ ಬುನಾ ಮರಗಳಿವೆ, ನೆಲ ಅಷ್ಟು ಕಡಿದಲ್ಲ. ಜಾರಿದರೆ ತೊಟ್ಟಿಲು ಜಾರುತ್ತದೆ, ಏಣು ಜಾರುವುದಿಲ್ಲ. ದಾರಿ ಗುರುತಿಗೆಂದು ಅಲ್ಲೊಂದು ಇಲ್ಲೊಂದು ಮರಕ್ಕೆ ಕೆಂಪು ಪಟ್ಟಿ ಕಟ್ಟಿದ್ದರು.

ಮೊದಲ ಪಟ್ಟಿಯ ಮರದ ಬಳಿ ತೊಟ್ಟಿಲ ಕಡೆಗೆ ತಿರುಗಿ ತೋಡಿದಳು. ಗರಿ ಇತ್ತು, ಕಿರುಬೆರಳುದ್ದ. ಎರಡನೆಯ ಪಟ್ಟಿಯ ಬಳಿ ತೋಡಿದಳು. ಇತ್ತು, ಹೆಬ್ಬೆರಳ ಉಗುರಿನಷ್ಟು. ತೊರೆಯಿಂದ ದೂರ ಹೋದಷ್ಟೂ ಚಿಕ್ಕದಾಗುತ್ತಿದೆ. ಹೆದರಿಕೆಯ ನಡುವೆಯೂ ಅವಳಿಗೆ ಒಳಗೊಳಗೇ ಒಂದು ಸಂತೋಷವಾಯಿತು, ಲೆಕ್ಕ ಸರಿ ಬಂದ ಮಕ್ಕಳಿಗೆ ಆಗುತ್ತದಲ್ಲ, ಅಂಥದ್ದು. ಮರುಕ್ಷಣ ಆ ಸಂತೋಷಕ್ಕೇ ನಾಚಿಕೆಯಾಯಿತು. ಏನು ಹೆಂಗಸಪ್ಪ ನಾನು, ಒಡಹುಟ್ಟಿದವನು ಮೇಲಿದ್ದಾನೆ, ನನಗೆ ಗರಿಯ ಅಳತೆ. ಆದರೂ ಅಳೆದು ಬರೆದುಕೊಂಡಳು.

ಮೂರನೆಯ ಪಟ್ಟಿಗೆ ಬರುವ ಹೊತ್ತಿಗೆ ಎರಡು ಗಂಟೆ ದಾಟಿತ್ತು. ತಲೆಯೆತ್ತಿದರೆ ತೊಟ್ಟಿಲ ಅಂಚಿನಲ್ಲಿ ಸಾಲಾಗಿ ಏಳು ಬಣ್ಣದ ಚುಕ್ಕೆಗಳು. ಮೂರಕ್ಕೆ ಬರುತ್ತೇನೆಂದವನು ಬೇಗ ಬಂದುಬಿಟ್ಟಿದ್ದ. ಹಿಮ ಅಷ್ಟು ಚೆನ್ನಾಗಿತ್ತೋ ಏನೋ. ಇವಾವೊನ ಕೆಂಪು ಅಂಗಿಯ ಚುಕ್ಕೆ ಆಗಲೇ ಮುಂದಕ್ಕೆ ಸರಿದಿತ್ತು.

"ಅಣ್ಣ, ಚಿಗುಸಾ ಮಾತಾಡ್ತಿರೋದು. ಅಲ್ಲೇ ನಿಲ್ಲು. ತೊಟ್ಟಿಲಿಗೆ ಇಳೀಬೇಡ."

ಗರಗರ. ಆಮೇಲೆ ಇವಾವೊನ ದನಿ, ನಗು ಬೆರೆತದ್ದು. "ಸೂಪು ಸೀದು ಹೋಯ್ತಾ?"

"ತಮಾಷೆ ಅಲ್ಲ. ಕೆಳಗಿನ ಅರ್ಧದಲ್ಲಿ ಹೊಸ ಹಿಮದ ಅಡಿ ಗರಿ ಇದೆ. ನಾನು ಎಡಗಡೆ ಏಣಿನ ಮೇಲಿದೀನಿ, ಮೂರನೇ ಪಟ್ಟಿ ಹತ್ರ. ಕಾಣ್ತಿದೀನಾ?"

"ಕಾಣ್ತಿದೀಯ. ಅಲ್ಲೂ ಗುಂಡಿ ತೋಡ್ತಿದೀಯಲ್ಲೇ ಮಾರಾಯ್ತಿ. ಗರಿ ಎಲ್ಲಿಂದ ಬಂತು? ನಾನು ಮೇಲೆ ಬೆಟ್ಟದ ಹೆಗಲಲ್ಲಿ ಎರಡು ಗುಂಡಿ ತೋಡಿ ಬಂದಿದೀನಿ. ಮೂವತ್ತು ಏಟು ಹೊಡೆದ್ರೂ ಕದಲ್ಲಿಲ್ಲ."

"ತೊಟ್ಟಿಲಲ್ಲಿ ತೋಡಿದ್ಯಾ?"

"ತೊಟ್ಟಿಲಲ್ಲಿ ಯಾರಾದ್ರೂ ತೋಡ್ತಾರೇನೆ? ಮನೆ ಹೊಸಿಲು ದಾಟೋಕೆ ಸೊಂಟಕ್ಕೆ ಹಗ್ಗ ಕಟ್ಕೊಳ್ಳೋರು ಉಂಟಾ?"

ದೀಪದ ಬುಡ ಕತ್ತಲೆ ಅನ್ನುವುದು ಇದಕ್ಕೇ. ಕುರೊಮೋರಿಯ ಮೂಲೆ ಮೂಲೆ ಕೆದಕಿ ನೋಡುವ ಊರು, ಮನೆ ಹಿಂದಿನ ಇಳಿಜಾರಿಗೆ ಒಂದು ಸಲಿಕೆ ಹಾಕಿರಲಿಲ್ಲ. ಇವಾವೊ ಹಾಕಿರಲಿಲ್ಲ, ಅವರಪ್ಪ ಹಾಕಿರಲಿಲ್ಲ. ಇಷ್ಟು ಗುಂಡಿ ತೋಡಿದ ಚಿಗುಸಾ ಕೂಡ ಹಾಕಿರಲಿಲ್ಲ.

"ಅಣ್ಣ, ನಾನು ಕೈಯಲ್ಲಿ ಹಿಡ್ಕೊಂಡು ಹೇಳ್ತಿದೀನಿ."

"ಸರಿ, ಇದೆ ಅಂತಾನೇ ಇಟ್ಕೊ. ಬೆಟ್ಟದ ಮೇಲೆಲ್ಲೂ ಇಲ್ಲದ್ದು ತೊಟ್ಟಿಲಿಗೆ ಮಾತ್ರ ಯಾಕೆ ಬಂತು? ಮೂವತ್ತು ವರ್ಷ ಬರದೇ ಇರೋದು ಈ ವರ್ಷ ಯಾಕೆ ಬಂತು? ಕಾರಣ ಹೇಳು, ನಿಲ್ತೀನಿ."

ಆರು ಜನ ಅತಿಥಿಗಳು ಅವನ ಸುತ್ತ ನಿಂತು ಕೇಳಿಸಿಕೊಳ್ಳುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ನಾಳೆ ಊರಿಗೆ ಹೋಗಿ ನಾಲ್ಕು ಜನಕ್ಕೆ ಹೇಳುವವರು. ಅವಳ ಬುಗ್ಗೆಮನೆ, ಅವಳ ಚಪ್ಪಡಿ, ಅವಳ ಜಾಹೀರಾತಿನ ಫೋಟೋ. ಕೆಂಪು ಚುಕ್ಕೆ ಸ್ಕೀಯ ಮೂತಿಯನ್ನು ಕೆಳಕ್ಕೆ ತಿರುಗಿಸಿತು.

"ನನ್ನ ಪೈಪು," ಅಂದಳು. "ಅಕ್ಟೋಬರ್‌ನಲ್ಲಿ ತಿರುಗಿಸಿದೆನಲ್ಲ, ಅದೇ. ತೊರೆ ಬಿಸಿಯಾಗಿದೆ. ಆರು ರಾತ್ರಿ ಹಬೆ ತೊಟ್ಟಿಲ ಮೇಲೆ ಕೂತು ಗರಿಯಾಗಿದೆ. ನಾನೇ ಮಾಡಿದ್ದು ಅಣ್ಣ."

ಅವನು ನಗುತ್ತಾನೆಂದು ಕಾದಳು. ನಗಲಿಲ್ಲ.

"ಎಷ್ಟು ಎತ್ತರದ ತನಕ?" ಅಂದ ಇವಾವೊ. ದನಿ ಬೇರೆಯಾಗಿತ್ತು, ಗೈಡಿನ ದನಿ.

"ನಾನು ನಿಂತಿರೋ ಕಡೆ ನೋಡಿಲ್ಲ ಇನ್ನೂ. ಕೆಳಗೆರಡು ಕಡೆ ಇದೆ."

"ಅಲ್ಲೇ ತೋಡು. ಕಂಬ ಬಿಡಿಸು. ತಟ್ಟು. ಒಂದೊಂದು ಏಟೂ ನನಗೆ ಎಣಿಸಿ ಹೇಳು. ನಾವು ಕದಲಲ್ಲ."

ಚಿಗುಸಾ ತೋಡಿದಳು. ಜೀವಮಾನದಲ್ಲಿ ಅಷ್ಟು ಬೇಗ ತೋಡಿರಲಿಲ್ಲ, ಅಷ್ಟು ಓರೆಯಾಗಿಯೂ ತೋಡಿರಲಿಲ್ಲ. ಮೇಲೆ ಏಳು ಜನ ಚಳಿಯಲ್ಲಿ ಕಾಲು ಕುಟ್ಟುತ್ತಿದ್ದರು. ಅವಳಿಗೆ ಬೆವರು ಕಣ್ಣಿಗಿಳಿಯುತ್ತಿತ್ತು. ಗೋಡೆ ಕೆರೆದಳು. ಮೊಣಕಾಲಿನ ಆಳದಲ್ಲಿ ಸೀಸದ ಕಡ್ಡಿಯಿಂದ ಎಳೆದಂಥ ಒಂದು ತೆಳು ಗೆರೆ ಕಂಡಿತು. ಅಕ್ಕಿಕಾಳಿನಷ್ಟು ಗರಿಗಳು. ಇಷ್ಟು ಸಣ್ಣವು ಜಾರುತ್ತವೆಯೇ? ಅವಳಿಗೇ ಅನುಮಾನ ಬಂತು. ಜಾರದಿದ್ದರೆ ಅಣ್ಣ ಇಳಿಯುತ್ತಾನೆ, ಇಳಿದು ಕೆಳಗೆ ದೊಡ್ಡ ಗರಿಯ ಮೇಲೆ ಬರುತ್ತಾನೆ. ಕಂಬದ ಎಡಬದಿ ಕೊಯ್ದಳು. ಬಲಬದಿ ಕೊಯ್ದಳು. ಹಿಂಬದಿಗೆ ಗರಗಸ ಇಳಿಸಿದಳು, ಅರ್ಧ ಬಂದಿತ್ತೋ ಇಲ್ಲವೋ, ಕಂಬದ ತಲೆ ತಾನೇ ಕಳಚಿಕೊಂಡು ಅವಳ ಮಡಿಲಿಗೆ ಜಾರಿ ಕೂತಿತು.

"ಹೇಳು. ಎಷ್ಟು?" ಅಂದ ಇವಾವೊ.

"ತಟ್ಟಲಿಲ್ಲ."

"ತಟ್ಟೇ ಮತ್ತೆ."

"ತಟ್ಟೋಕೆ ಕಂಬ ಇಲ್ಲ ಅಣ್ಣ. ಕೊಯ್ತಿರೋವಾಗಲೇ ಬಿತ್ತು."

ಮೇಲೆ ಚುಕ್ಕೆಗಳು ಒಂದೊಂದಾಗಿ ಬಗ್ಗಿದವು. ಸ್ಕೀ ಬಿಚ್ಚಿ ಹೆಗಲಿಗೇರಿಸಿಕೊಂಡವು. ಏಣಿನ ಮರಗಳ ನಡುವೆ ಇಳಿಯತೊಡಗಿದವು. ಚಿಗುಸಾ ಗುಂಡಿಯಲ್ಲೇ ಕುಸಿದು ಕೂತು ಅತ್ತಳು, ಎರಡು ನಿಮಿಷ. ಮೂಗು ಒರೆಸಿಕೊಂಡು ಎದ್ದು ಗೋಡೆಯನ್ನು ಮತ್ತೆ ನಯ ಮಾಡಿದಳು. ನೋಡಲು ಬರುತ್ತಿದ್ದಾರಲ್ಲ, ಒಪ್ಪವಾಗಿರಲಿ.

ಅರ್ಧ ಗಂಟೆಯಾಯಿತು ಅವರು ತಲುಪುವುದಕ್ಕೆ. ತೊಡೆಮಟ್ಟ ಹೂತು, ಎದ್ದು, ಮತ್ತೆ ಹೂತು, ಮೋರೆಯೆಲ್ಲ ಹಿಮ. ಒಬ್ಬ ತರುಣ ಗೊಣಗುತ್ತಿದ್ದ, ಇಂಥ ಇಳಿಜಾರು ಬಿಟ್ಟು ಮರ ತಬ್ಬಿಕೊಂಡು ಬರೋಕೆ ರಜೆ ಹಾಕ್ಬೇಕಿತ್ತಾ ಎಂದು. ಇವಾವೊ ಯಾರ ಮೇಲೂ ರೇಗಲಿಲ್ಲ. ಗುಂಡಿಗಿಳಿದು, ಚಿಗುಸಾ ಕಪ್ಪು ತಗಡಿನ ಮೇಲೆ ಉದುರಿಸಿಟ್ಟಿದ್ದ ಗರಿಗಳನ್ನು ಭೂತಗನ್ನಡಿಯಿಂದ ನೋಡಿದ. ಕೆಳಗಿನ ಗುಂಡಿಗಳ ಗರಿಗಳನ್ನೂ ಅವಳು ಒಂದು ಡಬ್ಬಿಯಲ್ಲಿ ಹಿಮ ತುಂಬಿ ಅದರಲ್ಲಿಟ್ಟು ತಂದಿದ್ದಳು. ಅದನ್ನೂ ನೋಡಿದ. ಕಿರುಬೆರಳುದ್ದದ್ದನ್ನು ಎತ್ತಿ ಬೆಳಕಿಗೆ ಹಿಡಿದು ಉಸಿರು ಬಿಗಿಹಿಡಿದ, ಕರಗಿಬಿಟ್ಟೀತು ಎಂದು. ಆಮೇಲೆ ಕನ್ನಡಿ ಅತಿಥಿಗಳ ಕೈಗೆ ಹೋಯಿತು. ಬಾಣಂತಿ ಮನೆಯಲ್ಲಿ ಕೂಸು ನೋಡುವವರ ಹಾಗೆ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಗೊಣಗುತ್ತಿದ್ದ ತರುಣನೂ ನೋಡಿದ, ಎರಡು ಸಲ.

ಕೊನೆಗೆ ನೆಜು ಡಾಕ್ಟ್ರು ನೋಡಿದರು. "ಮೀನಿನ ಮುಳ್ಳಿದ್ದ ಹಾಗಿದೆ. ಇಷ್ಟು ಚೆಂದದ್ದು ಇಷ್ಟು ಕೆಟ್ಟದ್ದಾ? ಒಂದು ಕೇಳ್ಲಾ ಇವಾವೊ ಅವ್ರೇ. ಇದು ಮುರಿದ್ರೆ ಶಬ್ದ ಬರತ್ತಾ?"

"ಬರತ್ತೆ," ಅಂದಳು ಚಿಗುಸಾ. "ಧುಪ್ ಅಂತ. ದಪ್ಪ ಹಾಸಿಗೆ ಮೇಲೆ ಕೂತ ಹಾಗೆ. ಕಾಲಡಿ ಒಂದು ಬೆರಳು ಕುಸೀತದೆ. ಅದು ಕೇಳಿಸಿದ್ರೆ ಒಂದು ಹೆಜ್ಜೆ ಮುಂದೆ ಇಡಬಾರ್ದು. ನಿಂತ ಕಾಲಲ್ಲಿ ವಾಪಸ್ ತಿರುಗ್ಬೇಕು."

"ಓ, ಹಾಗಾದ್ರೆ ಬೆಳಿಗ್ಗೆ ಆಗಿದ್ದು ಅದೇ ಇರ್ಬೇಕು," ಅಂದರು ಡಾಕ್ಟ್ರು, ಉತ್ತರ ಸಿಕ್ಕ ಖುಷಿಯಲ್ಲಿ. "ಏಳೂವರೆಗೆ, ಇದರ ಬುಡ ದಾಟೋವಾಗ. ಇವಾವೊ ಅವರ ಕಾಲಡಿ ಧುಪ್ ಅಂತು. ಹಿಮದಲ್ಲಿ ಉದ್ದಕ್ಕೆ ಒಂದು ಬಿರುಕೂ ಓಡ್ತು. ಏನದು ಅಂತ ಕೇಳಿದೆ. ಬೆಟ್ಟ ಗಂಟಲು ಸರಿಮಾಡ್ಕೊಂಡ್ತು ಅಂದ್ರು."

ಚಿಗುಸಾ ಅಣ್ಣನ ಮುಖ ನೋಡಿದಳು. ಅವನು ತಗಡನ್ನೇ ನೋಡುತ್ತಿದ್ದ.

"ನಿನಗೆ ಕೇಳಿಸಿತ್ತಾ?"

"ಹೂಂ."

"ಬಿರುಕು ಕಂಡಿತ್ತಾ?"

"ಕಂಡಿತ್ತು."

"ಕಂಡೂ ಇವರನ್ನ ದಾಟಿಸ್ದೆ."

"ಬೇರೆ ಯಾವ ಜಾಗದಲ್ಲಾಗಿದ್ರೂ ಅಲ್ಲೇ ವಾಪಸ್ ತಿರುಗ್ತಿದ್ದೆ ಚಿಗುಸಾ. ಕಣ್ಣು ಮುಚ್ಚಿ ತಿರುಗ್ತಿದ್ದೆ. ನಿಂತೆ. ನಿಂತು ಮೇಲೆ ನೋಡಿದೆ. ತೊಟ್ಟಿಲು ಅಲ್ವಾ ಅಂದ್ಕೊಂಡೆ." "ಮಧ್ಯಾಹ್ನದ ತನಕ ಕಿವಿಯಲ್ಲಿ ಅದೇ ಧುಪ್. ಊಟಕ್ಕೆ ಕೂತಾಗಲೂ. ನನಗೆ ಹಾಗೆ ಮಾಡಲ್ಲ ಇದು, ನನಗೆ ಮಾಡಲ್ಲ ಅಂತ ಹೇಳ್ಕೊಂಡೇ ಅಂಚಿಗೆ ಬಂದೆ."

ಚಿಗುಸಾಳಿಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷದ ಗೈಡು, ಆರು ತಾಯಂದಿರ ಮಕ್ಕಳು ಹಿಂದೆ, ಕಾಲಡಿಯ ನೆಲವೇ ಬಾಯಿಬಿಟ್ಟು ಹೇಳಿದರೂ ಕೇಳದವನು. ಬಾಯಿಗೆ ಬಂದದ್ದು ಅಂದುಬಿಡಬೇಕೆಂದು ಬಾಯಿ ತೆರೆದಳು. ತೆರೆದ ಬಾಯಿಗೆ ತನ್ನದೇ ಮಾತು ಅಡ್ಡ ಬಂತು.

"ಆರು ಸಂಜೆ ನಾನೂ ಅಡುಗೆಮನೆ ಬಾಗಿಲಲ್ಲಿ ನಿಂತು ಈ ಹಬೆ ನೋಡಿದೀನಿ," ಅಂದಳು. ಅಣ್ಣನಿಗೆ ಹೇಳಿದಳೋ ಎಲ್ಲರಿಗೂ ಹೇಳಿದಳೋ. "ದಿನಾ ಬೆಳಿಗ್ಗೆ ಬೇಲಿ ಮೇಲೆ ಗರಿ ನೋಡಿದೀನಿ. ಒಂದು ಇರುವೆ ಸಾಲು ಕಂಡ್ರೂ ಇದು ಎಲ್ಲಿಗೆ ಹೋಗ್ತಿದೆ ಅಂತ ಹಿಂದೆ ಹೋಗೋಳು ನಾನು. ಇದನ್ನ ಮಾತ್ರ ಕೇಳ್ಲಿಲ್ಲ. ಪೈಪು ನನ್ನದು ನೋಡು. ಎಲ್ಲರೂ ಹೊಗಳ್ತಿದ್ರು. ಫೋಟೋ ತೆಗೆದೆ, ಸುಮ್ಮನಾದೆ."

ನೆಜು ಡಾಕ್ಟ್ರು ಮುಂದಿನ ಪ್ರಶ್ನೆಗೆ ಬಾಯಿ ತೆರೆದವರು, ಯಾಕೋ, ಮುಚ್ಚಿಕೊಂಡರು. ಚೀಲದಿಂದ ಅನ್ನದ ಉಂಡೆ ತೆಗೆದು ತರುಣನಿಗೆ ಅರ್ಧ ಕೊಟ್ಟರು. ಪಕ್ಕದಲ್ಲಿ ತೊಟ್ಟಿಲು, ಬುಡದಲ್ಲಿ ಬೆಳಗಿನ ಜಾಡು ಬಿಟ್ಟರೆ ಒಂದು ಗೆರೆಯೂ ಇಲ್ಲದೆ, ಇಳಿ ಬಿಸಿಲಿಗೆ ಹೊಳೆಯುತ್ತ ಮಲಗಿತ್ತು.

ಇವಾವೊ ಎದ್ದು ಮೊಣಕಾಲಿನ ಹಿಮ ಕೊಡವಿಕೊಂಡ. ತಂಗಿಯ ಕೈಯಿಂದ ಸಲಿಕೆ ತೆಗೆದುಕೊಂಡು ಮೇಲಿನ ಮರದ ಕಡೆ ನೋಡಿದ. "ಎಲ್ಲಿ ತನಕ ಹೋಗಿದೆ ಅಂತ ಗೊತ್ತಾಗ್ಲಿಲ್ಲವಲ್ಲ ಇನ್ನೂ. ಇವರು ತಿಂದು ಮುಗಿಸೋದ್ರೊಳಗೆ ಇನ್ನೊಂದು ತೋಡೋಣ." ಎರಡು ಹೆಜ್ಜೆ ಹತ್ತಿ ನಿಂತ. ತಿರುಗದೆಯೇ ಕೇಳಿದ. "ಸಿಟ್ಟು ಬಂದಿದೆಯೇನೆ ನನ್ನ ಮೇಲೆ?"

"ಬಂದಿದೆ," ಅಂದಳು ಚಿಗುಸಾ. "ತೋಡು."

ಇವಾವೊ ತೋಡಿದ.